ಸೂಟ್ ಪ್ಯಾಂಟು ಬೇಗ ಸವೆಯದಂತೆ ಮಾಡಿದ ಕೆಲಸ: ಹಳೆಯದಕ್ಕೆ ತೇಪೆ, ಹೊಸದಕ್ಕೆ ಒಳಬಟ್ಟೆ

ಹೊಲಿಸಿದ ಸೂಟಿನಲ್ಲಿ ಮೊದಲು ಹೋಗುವುದು ಪ್ಯಾಂಟು. ಕೋಟು ಬೀರುವಿನಲ್ಲಿ ಹೊಸದರ ಹಾಗೇ ಇರುತ್ತದೆ, ಅದರ ಜೋಡಿ ಪ್ಯಾಂಟು ಮಾತ್ರ ತೊಡೆ ಸಂದಿಯಲ್ಲಿ ತೂತು ಬಿದ್ದು ಮೂಲೆ ಸೇರಿರುತ್ತದೆ. ಆಮೇಲೆ ಅದೇ ಬಣ್ಣದ ಬಟ್ಟೆ ಎಲ್ಲೂ ಸಿಗುವುದಿಲ್ಲ. ಅಷ್ಟು ದುಡ್ಡು ಕೊಟ್ಟು ಹೊಲಿಸಿದ ಕೋಟೂ ಸುಮ್ನೆ ಬಿದ್ದಿರುತ್ತದೆ.

ನಮ್ಮ ಮನೆಯವರು ಔಷಧಿ ಕಂಪನಿಯ ರೆಪ್. ತುಮಕೂರಿನಿಂದ ಗುಬ್ಬಿ, ತಿಪಟೂರು, ಶಿರಾ, ಮಧುಗಿರಿ ಅಂತ ಬೈಕಿನಲ್ಲೇ ಓಡಾಟ. ಕೋಟು ಮೀಟಿಂಗ್ ಇದ್ದಾಗ ಮಾತ್ರ, ಪ್ಯಾಂಟು ದಿನಾ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕಿಕೊಡುತ್ತೇನೆ. ಗಂಡಸರ ಪ್ಯಾಂಟು ಕಟಿಂಗ್ ನಾನು ಮಾಡುವುದಿಲ್ಲ, ಅದನ್ನು ಚಿಕ್ಕಪೇಟೆಯ ಒಬ್ಬರು ಮಾಸ್ಟರ್ ಹತ್ತಿರ ಕೊಡುತ್ತೇವೆ. ಈ ಸಲ ಎರಡು ಕೆಲಸ ಒಟ್ಟಿಗೆ ಹಿಡಿದೆ. ಸವೆದ ಕಪ್ಪು ಪ್ಯಾಂಟನ್ನು ಉಳಿಸುವುದು ಒಂದು. ಹೊಸದಾಗಿ ಹೊಲಿಸುವ ಬೂದು ಸೂಟಿನ ಪ್ಯಾಂಟಿಗೆ ಹಾಕಿಕೊಳ್ಳುವ ಮೊದಲೇ ಒಳಗಿನಿಂದ ಬಲ ಕೊಡುವುದು ಇನ್ನೊಂದು. ಮಾಡಿದ್ದನ್ನು ಮಾಡಿದ ಹಾಗೇ ಬರೆದಿದ್ದೇನೆ.

ಹಂತ 1: ಎಲ್ಲಿ ಸವೆದಿದೆ ಅಂತ ನೋಡಿದ್ದು

ಕಪ್ಪು ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ಬಿಸಿಲು ಬೀಳುವ ಕಿಟಕಿಗೆ ಹಿಡಿದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುವ ಕಡೆಯೂ ಬೆಳಕಿಗೆ ಹಿಡಿದಾಗ ಜರಡಿ ಥರ ಕಾಣುತ್ತದೆ. ಅಂಥ ಕಡೆಗೆಲ್ಲ ಚಾಕ್‌ಪೀಸಿನಲ್ಲಿ ಸುತ್ತ ಗೆರೆ ಎಳೆದೆ.

ಎಲ್ಲಕ್ಕಿಂತ ಜಾಸ್ತಿ ಸವೆದಿದ್ದು ತೊಡೆ ಸಂದಿ. ನಾಲ್ಕು ಹೊಲಿಗೆ ಕೂಡುವ ಜಾಗದಿಂದ ಕೆಳಕ್ಕೆ ಬಲಗಾಲಲ್ಲಿ 4 ಇಂಚು, ಎಡಗಾಲಲ್ಲಿ 3 ಇಂಚು. ಅದರಲ್ಲೂ ಹಿಂದಿನ ಭಾಗದ ಬಟ್ಟೆ. ಬಲಗಾಲಲ್ಲಿ ಯಾಕೆ ಜಾಸ್ತಿ ಅಂದರೆ, ಬೈಕ್ ಹತ್ತುವಾಗ ಇಳಿಯುವಾಗ ಸೀಟಿನ ಮೇಲಿಂದ ಎಳೆದು ಹಾಕುವುದು ಬಲಗಾಲನ್ನೇ. ದಿನಕ್ಕೆ ಎಷ್ಟು ಕ್ಲಿನಿಕ್, ಎಷ್ಟು ಮೆಡಿಕಲ್ ಶಾಪ್ ಇರುತ್ತದೋ ಅಷ್ಟು ಸಲ ಆ ಜಾಗ ರೆಕ್ಸಿನ್‌ಗೆ ಉಜ್ಜುತ್ತದೆ. ಸೀಟಿನ ಮೇಲಿನ ದೂಳು, ಒಳಗಿನ ಬೆವರು ಎರಡೂ ಸೇರಿ ಎಳೆ ಬೇಗ ತುಂಡಾಗುತ್ತದೆ.

ಎರಡನೆಯದು ಬಾಟಮ್. ಹಿಂಭಾಗದ ಅಂಚು ಶೂ ಹಿಮ್ಮಡಿಗೆ ಉಜ್ಜಿ ಮಡಿಕೆ ಬಿರುಕು ಬಿಟ್ಟಿತ್ತು. ಬಲಗಾಲಿನ ಅಂಚಿನಲ್ಲಿ ಒಂದು ಕಡೆ ಬಟ್ಟೆ ಕರಗಿ ಗಟ್ಟಿಯಾಗಿತ್ತು. ಅದು ಸೈಲೆನ್ಸರ್ ತಾಗಿ ಆದದ್ದು. ಬಟ್ಟೆ ಟೆರಿವುಲ್, ಅಂದರೆ ಉಣ್ಣೆ ಪಾಲಿಯೆಸ್ಟರ್ ಬೆರೆಸಿದ್ದು. ಅದರಲ್ಲಿರುವ ಪಾಲಿಯೆಸ್ಟರ್ ಬಿಸಿಗೆ ಕರಗುತ್ತದೆ. ಇದಕ್ಕೆ ಹೊಲಿಗೆಯಲ್ಲಿ ಪರಿಹಾರ ಇಲ್ಲ. ಬೈಕ್ ಹತ್ತುವ ಮುಂಚೆ ಬಲಗಾಲಿನ ಬಾಟಮ್ಮನ್ನು ಅಗಲವಾದ ಎಲಾಸ್ಟಿಕ್ ಪಟ್ಟಿಯಿಂದ ಹಿಡಿದಿಡಬೇಕು. ಹಳೇ ಪೆಟ್ಟಿಕೋಟಿನ ಎಲಾಸ್ಟಿಕ್ಕಿಗೆ ವೆಲ್ಕ್ರೋ ಹಚ್ಚಿ ಒಂದು ಮಾಡಿಕೊಟ್ಟೆ, ಈಗ ಅದು ಬೈಕಿನ ಸೈಡ್ ಬಾಕ್ಸಿನಲ್ಲೇ ಇರುತ್ತದೆ.

ಮುಂದಿನ ಜೇಬಿನ ಬಾಯಿ ಅಂಚು ನಾರುನಾರಾಗಿತ್ತು. ಕೀ ಇಡುವ ಜೇಬಿನ ತಳದಲ್ಲಿ ತೂತು. ಹಿಂಭಾಗ ಮಿಂಚುತ್ತಿತ್ತು, ಆದರೆ ಬಟ್ಟೆ ಗಟ್ಟಿ ಇತ್ತು. ಮಂಡಿ ಪರವಾಗಿಲ್ಲ.

ಹಂತ 2: ಪೇಸ್ಟಿಂಗ್ ಬಕ್ರಂ ಪ್ರಯೋಗ, ಕೆಲಸಕ್ಕೆ ಬರಲಿಲ್ಲ

ಕಪ್ಪು ಪ್ಯಾಂಟಿಗೆ ಕೈ ಹಾಕುವ ಮುಂಚೆ ಇನ್ನೂ ಹಳೆಯ, ಮನೆಯಲ್ಲಿ ಹಾಕುವ ಪ್ಯಾಂಟಿನ ಮೇಲೆ ಪರೀಕ್ಷೆ ಮಾಡಿದೆ. ಎಲ್ಲರೂ ಹೇಳುವ ಸುಲಭ ದಾರಿ ಅಂದರೆ ಇಸ್ತ್ರಿ ಇಟ್ಟರೆ ಅಂಟುವ ಪೇಸ್ಟಿಂಗ್. ತೆಳು ಪೇಸ್ಟಿಂಗ್ ಬಕ್ರಂ (ಕಾಲರ್ ಒಳಗೆ ಇಡುವ ಬಿರುಸು ಬಟ್ಟೆ) 5 ಇಂಚು ಉದ್ದ, 3 ಇಂಚು ಅಗಲ ಕತ್ತರಿಸಿ ಒಳಗಿನಿಂದ ಅಂಟಿಸಿದೆ. ಅಂಟಿಸಿದ ದಿನ ತುಂಬಾ ಚೆನ್ನಾಗಿ ಕಂಡಿತು.

ಒಗೆದ ಮೇಲೆ ನಡುವೆ ಗುಳ್ಳೆ ಎದ್ದವು. ಬೆವರಿಗೆ, ಮೈ ಬಿಸಿಗೆ, ಪದೇ ಪದೇ ಮಡಚುವುದಕ್ಕೆ ಅಂಟು ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಬಕ್ರಂ ಇರುವಷ್ಟು ಕಡೆ ಬಟ್ಟೆ ಬಿರುಸು, ಪಕ್ಕದಲ್ಲಿ ಮೆತ್ತಗೆ. ಎರಡೂ ಸೇರುವ ಗೆರೆಯಲ್ಲೇ ಎಳೆತವೆಲ್ಲ ಬಿತ್ತು. ತೇಪೆಯ ಅಂಚಿನ ಉದ್ದಕ್ಕೂ ಹೊಸದಾಗಿ ಹರಿಯಿತು. ಕಾಲರ್‌ಗೆ, ಸೊಂಟದ ಪಟ್ಟಿಗೆ ಪೇಸ್ಟಿಂಗ್ ಸರಿ. ತೊಡೆ ಸಂದಿಗೆ ಬೇಡ.

ದಪ್ಪ ತೇಪೆಗೂ ಇದೇ ಮಾತು. ಅದೇ ಪ್ಯಾಂಟಿನ ಬಟ್ಟೆಯನ್ನೇ ಒಳಗೆ ಕೊಟ್ಟು ನೋಡಿದೆ. ಬಣ್ಣ ಸರಿಹೋಯಿತು, ಆದರೆ ಅಂಚು ತೊಡೆಗೆ ಒತ್ತುತ್ತದೆ, ಹೊರಗಿನಿಂದ ಗೆರೆ ಕಾಣುತ್ತದೆ. ಪೂರ್ತಿ ತೂತು ಬಿದ್ದಿದ್ದರೆ ಮಾತ್ರ ಸ್ವಂತ ಬಟ್ಟೆ ಬೇಕು. ತೆಳುವಾಗಿದ್ದರೆ ತೆಳು ಬಟ್ಟೆಯೇ ಸಾಕು.

ಹಂತ 3: ಕಪ್ಪು ಪ್ಯಾಂಟಿನ ರಿಪೇರಿ

ಬ್ಲೌಸಿಗೆ ಬಳಸುವ ಟೂ ಬೈ ಟೂ ರೂಬಿಯಾ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ತೆಳು, ಆದರೆ ನೇಯ್ಗೆ ಒತ್ತು. ಹತ್ತಿಯಾದ್ದರಿಂದ ಬೆವರು ಹೀರುತ್ತದೆ. ಕಪ್ಪು ರೂಬಿಯಾ ತೆಗೆದುಕೊಂಡು ರಾತ್ರಿಯೆಲ್ಲ ಉಪ್ಪು ನೀರಿನಲ್ಲಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವವರೆಗೆ ಜಾಲಿಸಿ, ಒಣಗಿಸಿ ಇಸ್ತ್ರಿ ಮಾಡಿದೆ. ಇದನ್ನು ಬಿಡಬೇಡಿ. ಹೊಲಿದ ಮೇಲೆ ತೇಪೆ ಕುಗ್ಗಿದರೆ ಹೊರಗಿನ ಬಟ್ಟೆ ಸುಕ್ಕು ಹಿಡಿಯುತ್ತದೆ.

ಕೆಲಸ ಹೀಗೆ ಹೋಯಿತು. ಮೊದಲು ತೊಡೆ ಸಂದಿಯಲ್ಲಿ ಕೂಡುವ ಹೊಲಿಗೆಗಳನ್ನು ಎರಡೂ ಕಡೆ 5 ಇಂಚು ಬಿಚ್ಚಿದೆ. ಬಿಚ್ಚದೇ ಹೊಲಿಗೆಯ ಮೇಲೆಯೇ ಅಡ್ಡವಾಗಿ ತೇಪೆ ಹಾಕುವವರೇ ಜಾಸ್ತಿ, ರಿಪೇರಿ ಅಂಗಡಿಗಳಲ್ಲೂ ಹಾಗೇ ಮಾಡಿಕೊಡುತ್ತಾರೆ. ಅದರಿಂದಲೇ ಅಲ್ಲಿ ಗಂಟು ಗಂಟಾಗುವುದು. ಬಿಚ್ಚಿದರೆ ಒಂದೊಂದು ಭಾಗವೂ ಚಪ್ಪಟೆಯಾಗಿ ಮಷೀನಿನ ಮೇಲೆ ಕೂರುತ್ತದೆ.

ಸವೆದ ಗುರುತಿನಿಂದ ಎಲ್ಲ ಕಡೆಗೂ 1 ಇಂಚು ಜಾಸ್ತಿ ಬಿಟ್ಟು ರೂಬಿಯಾ ಕತ್ತರಿಸಿದೆ. ಪ್ಯಾಂಟಿನ ಉದ್ದ ಎಳೆ, ತೇಪೆಯ ಉದ್ದ ಎಳೆ ಒಂದೇ ದಿಕ್ಕಿಗೆ ಬರಬೇಕು. ಮೂಲೆಗಳನ್ನು ದುಂಡಗೆ ಮಾಡಿದೆ. ಅಂಚಿಗೆ ಓವರ್‌ಲಾಕ್ ಮಾಡಲಿಲ್ಲ, ಅದು ದಪ್ಪ ಗೆರೆ ಮಾಡುತ್ತದೆ. ಜಿಗ್‌ಜಾಗ್ ಕತ್ತರಿಯಲ್ಲಿ ಕತ್ತರಿಸಿ ಹಾಗೇ ಬಿಟ್ಟೆ. ಕಚ್ಚಾ ಹೊಲಿಗೆ ಹಾಕಿ ತೇಪೆಯನ್ನು ನಿಲ್ಲಿಸಿದೆ. ಎಳೆದು ಕಟ್ಟಬಾರದು, ಬಟ್ಟೆ ಮೇಜಿನ ಮೇಲೆ ಸಡಿಲವಾಗಿ ಮಲಗಿರಬೇಕು.

ನಂತರ ಡಾರ್ನಿಂಗ್, ಅಂದರೆ ಸವೆದ ಕಡೆ ಒತ್ತಾಗಿ ಗೆರೆ ಗೆರೆ ಹೊಲಿಯುವುದು. ಮಷೀನು ಕಾಲಲ್ಲಿ ತುಳಿಯುವ ಹಳೇ ಉಷಾ, ನೇರ ಹೊಲಿಗೆ ಮಾತ್ರ ಬರುತ್ತದೆ. 11 ನಂಬರ್ ಸೂಜಿ. ದಪ್ಪನೆಯ 16 ಹಾಕಿದರೆ ಸವೆದ ಬಟ್ಟೆಯಲ್ಲಿ ಸೂಜಿಯ ತೂತೇ ಹೊಸ ಗಾಯ ಆಗುತ್ತದೆ. ತೆಳು ಪಾಲಿಯೆಸ್ಟರ್ ದಾರ. ಬೇರೆ ಬಣ್ಣದ ಪ್ಯಾಂಟಾದರೆ ಬಟ್ಟೆಗಿಂತ ಒಂದು ಛಾಯೆ ಗಾಢ ದಾರ ತಗೊಳ್ಳಿ, ತಿಳಿ ದಾರ ಎದ್ದು ಕಾಣುತ್ತದೆ. ಹೊರಗಿನ ಬಟ್ಟೆಯಲ್ಲಿ ಓರೆಯಾಗಿ ಹೋಗುವ ಟ್ವಿಲ್ ಗೆರೆ ಇದೆಯಲ್ಲ, ಅದರ ದಿಕ್ಕಿಗೇ ಹೋಗಿ ಬಂದು ಹೋಗಿ ಬಂದು ಹೊಲಿದೆ. ಗೆರೆ ಗೆರೆ ನಡುವೆ ಸವೆದ ಕಡೆ ಅರ್ಧ ಕಾಲಿಂಚು, ಅಂದರೆ ಸುಮಾರು 3 ಮಿಲಿಮೀಟರ್. ಹೊರಗೆ ಹೋದಂತೆ ಗೆರೆಗಳನ್ನು ದೂರ ಮಾಡುತ್ತಾ ಬಂದೆ. ಎಲ್ಲ ಗೆರೆಯನ್ನೂ ಒಂದೇ ಕಡೆ ನಿಲ್ಲಿಸಲಿಲ್ಲ. ಒಂದು ಉದ್ದ, ಒಂದು ಗಿಡ್ಡ. ಬಕ್ರಂ ಅಂಚಿನಲ್ಲಿ ಹರಿದದ್ದು ನೆನಪಿತ್ತು. ಒಂದೇ ಸಾಲಿಗೆ ನಿಲ್ಲಿಸಿದರೆ ಇಲ್ಲೂ ಅದೇ ಆಗುತ್ತದೆ.

ತೇಪೆಯ ಹೊರ ಅಂಚನ್ನು ಮಷೀನಿನಲ್ಲಿ ಹೊಲಿಯಲಿಲ್ಲ. ಕೈಯಲ್ಲಿ ಒಂದೊಂದು ಎಳೆ ಮಾತ್ರ ಹಿಡಿದು ಸಡಿಲವಾಗಿ ಹೆಮ್ಮಿಂಗ್ ಮಾಡಿದೆ. ಆಮೇಲೆ ಬಿಚ್ಚಿದ ಹೊಲಿಗೆಗಳನ್ನು ಕೂಡಿಸಿದೆ. ಸೀಟಿನ, ಅಂದರೆ ಪ್ಯಾಂಟಿನ ಹಿಂಭಾಗದ ನಡು ಹೊಲಿಗೆಯನ್ನು ಒಂದೇ ಗೆರೆಯ ಮೇಲೆ ಎರಡು ಸಲ, ಬಟ್ಟೆಯನ್ನು ಸ್ವಲ್ಪ ಎಳೆದು ಹಿಡಿದುಕೊಂಡು ಹೊಲಿಯಬೇಕು. ಹೀಗೆ ಮಾಡಿದರೆ ಕೂತಾಗ ಬಟ್ಟೆ ಹಿಗ್ಗುವಷ್ಟು ದಾರಕ್ಕೂ ಜಾಗ ಇರುತ್ತದೆ. ಇಲ್ಲದಿದ್ದರೆ ಬಟ್ಟೆ ಗಟ್ಟಿಯಾಗಿದ್ದರೂ ದಾರ ಪಟಕ್ಕನೆ ಹೋಗುತ್ತದೆ.

ಹೊರಗಿನಿಂದ ನೋಡಿದರೆ ಡಾರ್ನಿಂಗ್ ಗೊತ್ತಾಗುತ್ತದೆ, ಹತ್ತಿರ ಬಂದು ನೋಡಿದರೆ. ಆದರೆ ಜಾಗ ಅಂಥದ್ದು, ಯಾರೂ ನೋಡುವುದಿಲ್ಲ. ಸೀಟಿನ ಮೇಲೆ, ಮಂಡಿಯ ಮೇಲೆ ಹರಿದಿದ್ದರೆ ಈ ರೀತಿ ಮಾಡಬೇಡಿ. ಕೈಯಲ್ಲಿ ಎಳೆ ಎಳೆ ಹೆಣೆಯುವ ರಫೂ ಕೆಲಸದವರಿಗೇ ಕೊಡಿ.

ಹಂತ 4: ಹೊಸ ಸೂಟಿಗೆ ಬಟ್ಟೆ

ಒಬ್ಬ ಸಾಧಾರಣ ಮೈಕಟ್ಟಿನ ಗಂಡಸಿಗೆ 58 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಕೋಟು, ಒಂದು ಪ್ಯಾಂಟು ಸೇರಿ ಮೂರೂಕಾಲು ಮೀಟರ್ ಸಾಕು. ನಾವು ನಾಲ್ಕೂವರೆ ಮೀಟರ್ ತೆಗೆದುಕೊಂಡೆವು. ಜಾಸ್ತಿ ಬಂದ ಒಂದೂಕಾಲು ಮೀಟರ್ ಎರಡನೇ ಪ್ಯಾಂಟಿಗೆ. ಒಂದು ಕೋಟಿಗೆ ಎರಡು ಪ್ಯಾಂಟು ಹೊಲಿಸುವುದು ಹಳೇ ಪದ್ಧತಿ. ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇವೆ ಅನ್ನುವವರು ಇದನ್ನೇ ಮಾಡಲಿ. ಎರಡನೆಯದನ್ನು ಆಮೇಲೆ ತಗೊಳ್ಳೋಣ ಅಂದರೆ ಅದೇ ಥಾನಿನ ಬಣ್ಣ ಸಿಗುವುದು ಕಷ್ಟ.

ಅಂಗಡಿಯಲ್ಲಿ ಸೂಪರ್ 120, ಸೂಪರ್ 150 ಅಂತ ನಂಬರ್ ಹೇಳುತ್ತಾರೆ. ಆ ನಂಬರ್ ಏರಿದಷ್ಟೂ ಉಣ್ಣೆಯ ಎಳೆ ಸಣ್ಣ. ಸೂಪರ್ 100 ಅಂದರೆ ಎಳೆಯ ದಪ್ಪ ಹೆಚ್ಚೆಂದರೆ 18.75 ಮೈಕ್ರಾನ್, ಸೂಪರ್ 150 ಅಂದರೆ 16.25. ಮುಟ್ಟಲು ಮೆತ್ತಗೆ, ನೋಡಲು ಚಂದ, ಆದರೆ ಬೈಕಿನ ಸೀಟಿಗೆ ತಡೆಯುವುದಿಲ್ಲ. ನಮಗೆ ಬೇಕಿದ್ದದ್ದು ಉಜ್ಜಿದರೆ ತಡೆಯುವ ಬಟ್ಟೆ. ಒತ್ತಾಗಿ ನೇಯ್ದ, ಕೈಗೆ ಸ್ವಲ್ಪ ಬಿರುಸಾದ ಟೆರಿವುಲ್ ಆರಿಸಿದೆವು. ಬೆಲೆಯೂ ಕಡಿಮೆ.

ಹಂತ 5: ಒಳಬಟ್ಟೆ

ಮಾಸ್ಟರ್ ಹತ್ತಿರ ಅಳತೆಗೆ ಹೋದಾಗಲೇ ಎಲ್ಲ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಇದೆಲ್ಲ ಹಿಂದೆ ನಾವೇ ಹಾಕ್ತಿದ್ವಮ್ಮ. ಈಗ ಕೇಳೋರೇ ಇಲ್ಲ, ಅರ್ಜೆಂಟ್ ಅರ್ಜೆಂಟ್ ಅಂತಾರೆ. ನೀವು ಕತ್ತರಿಸಿ ತನ್ನಿ, ನಾನು ಹೊಲಿಗೇಲಿ ಹಿಡಿಸ್ತೀನಿ" ಅಂದರು. ಅಳತೆ ತೆಗೆದುಕೊಳ್ಳುವಾಗ ಮನೆಯವರನ್ನು ಕುರ್ಚಿಯ ಮೇಲೆ ಕೂರಿಸಿ ತೊಡೆಯ ಸುತ್ತ ಟೇಪ್ ಇಟ್ಟರು. ನಿಂತಾಗಿನದಕ್ಕಿಂತ ಕೂತಾಗ ಅಳತೆ ಜಾಸ್ತಿ ಬಂತು. ತೊಡೆಯಲ್ಲಿ 3 ಇಂಚು ಸಡಿಲ ಕೊಡಿ ಅಂದೆ. ಬಿಗಿ ಪ್ಯಾಂಟು ಎಷ್ಟೇ ಒಳಬಟ್ಟೆ ಕೊಟ್ಟರೂ ಸವೆಯುತ್ತದೆ. ಸೀಟಿನ ಹೊಲಿಗೆಯಲ್ಲಿ ಮೇಲ್ಗಡೆ ಒಂದೂಕಾಲು ಇಂಚು ಮಾರ್ಜಿನ್ ಬಿಡಲು ಹೇಳಿದೆ, ಮುಂದೆ ಬಿಡಿಸಿಕೊಳ್ಳಲು ಬೇಕು.

ತೊಡೆ ಸಂದಿಗೆ ನಾಲ್ಕು ತುಂಡು ರೂಬಿಯಾ. ತ್ರಿಕೋನದ ಆಕಾರ. ಹಿಂಭಾಗದ ಎರಡು ತುಂಡು: ಕಾಲಿನ ಒಳಹೊಲಿಗೆಯ ಉದ್ದಕ್ಕೆ 7 ಇಂಚು, ಸೀಟಿನ ಹೊಲಿಗೆಯ ಉದ್ದಕ್ಕೆ 5 ಇಂಚು. ಮುಂಭಾಗದ ಎರಡು: 5 ಇಂಚು, 3 ಇಂಚು. ಈ ಎರಡು ಬದಿಗಳು ಪ್ಯಾಂಟಿನ ಹೊಲಿಗೆಯೊಳಗೇ ಸೇರುತ್ತವೆ. ಮೂರನೇ ಬದಿಯನ್ನು ಎಲ್ಲೂ ಹೊಲಿಯುವ ಹಾಗಿಲ್ಲ. ಆ ಬದಿ ಕ್ರಾಸ್, ಅಂದರೆ ಎಳೆಗೆ ಓರೆಯಾಗಿ ಬರುವಂತೆ ಕತ್ತರಿಸಿದರೆ ದಾರ ಬಿಡುವುದಿಲ್ಲ, ನಡೆಯುವಾಗ ಹಿಗ್ಗುತ್ತದೆ. ಹೀಗೆ ಒಂದು ಬದಿ ಬಿಟ್ಟಿರುವುದರಿಂದ ಒಳಬಟ್ಟೆ ತಾನೇ ಸ್ವಲ್ಪ ಅಲ್ಲಾಡುತ್ತದೆ. ಮೈಯ ಬೆವರು, ಒಳಗಿನ ಉಜ್ಜಾಟ ಎಲ್ಲ ಅದರ ಪಾಲಿಗೆ ಹೋಗುತ್ತದೆ. ಅದು ಸವೆದರೆ ಬಿಚ್ಚಿ ಬೇರೆ ಹಾಕಬಹುದು.

ಮುಂಭಾಗಕ್ಕೆ ಸೊಂಟದಿಂದ ಮಂಡಿಯ ಕೆಳಗೆ 2 ಇಂಚಿನವರೆಗೆ ಸಾಂಟೂನ್ ಅನ್ನುವ ನಯವಾದ ಬಟ್ಟೆಯ ಲೈನಿಂಗ್. ಪಾಲಿಯೆಸ್ಟರ್ ಟಫೆಟಾ ಬೇಡ, ನಮ್ಮ ಬಿಸಿಲಿಗೆ ತೊಡೆಗೆ ಅಂಟಿಕೊಳ್ಳುತ್ತದೆ. ಲೈನಿಂಗಿನ ಕೆಳ ಅಂಚೂ ಬಿಟ್ಟೇ ಇರಬೇಕು. ಲೈನಿಂಗ್ ಇದ್ದರೆ ಬಟ್ಟೆ ಮಂಡಿಯ ಮೇಲೆ ಜಾರುತ್ತದೆ, ಅಲ್ಲಿ ಉಬ್ಬಿ ನಿಲ್ಲುವುದಿಲ್ಲ.

ಹಂತ 6: ಬಾಟಮ್

ಇದು ಪೂರ್ತಿ ನನ್ನ ಕೈಕೆಲಸ. ಬಾಟಮ್ ಹೊಲಿಯದೇ ಕೊಡಿ ಅಂತ ಮಾಸ್ಟರ್‌ಗೆ ಹೇಳಿದ್ದೆ. ಶೂ ಹಾಕಿಸಿ, ನಿಲ್ಲಿಸಿ ಉದ್ದ ನೋಡಿದೆ. ಮುಂದೆ ಶೂ ಮೇಲೆ ಸುಮ್ನೆ ತಾಗಬೇಕು, ಹಿಂದೆ ಅರ್ಧ ಇಂಚು ಇಳಿದಿರಬೇಕು, ನೆಲಕ್ಕೆ ಮಾತ್ರ ತಾಗಬಾರದು.

ಹಿಮ್ಮಡಿಗೆ ಉಜ್ಜುವ ಕಡೆ ಒಳಗಿನಿಂದ ಪಟ್ಟಿ ಕೊಡಬೇಕು. ಸೀರೆ ಫಾಲ್ ಕೈಯಲ್ಲೇ ಇತ್ತು. ಅದನ್ನು ಮಡಚಿ ಮುಕ್ಕಾಲು ಇಂಚಿನ ಪಟ್ಟಿ ಮಾಡಿ ಮೊದಲು ಕಪ್ಪು ಪ್ಯಾಂಟಿಗೆ ಹಾಕಿ ನೋಡಿದೆ. ಮಡಚಿದ ಅಂಚೇ ಶೂಗೆ ಉಜ್ಜಿ ಬೇಗ ಒಡೆಯಿತು. ಫಾಲ್ ಸೀರೆಗೇ ಸರಿ. ಆಮೇಲೆ ಮಂಡಿಪೇಟೆಯಿಂದ ಚಪ್ಪಟೆ ನೇಯ್ಗೆಯ ಅರ್ಧ ಇಂಚಿನ ಕಪ್ಪು ಹತ್ತಿ ಲಾಡಿ ತಂದೆ. ಲಂಗಕ್ಕೆ ಹಾಕುತ್ತೇವಲ್ಲ, ಅದೇ. ಅದಕ್ಕೆ ಮಡಿಕೆ ಇಲ್ಲ, ಅಂಚು ನೇಯ್ಗೆಯಲ್ಲೇ ಮುಗಿದಿರುತ್ತದೆ. ಸವೆದರೂ ನಿಧಾನ.

ಹತ್ತಿ ಲಾಡಿ ತುಂಬಾ ಕುಗ್ಗುತ್ತದೆ. ಬಿಸಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆ ಕತ್ತರಿಸಿದೆ. ಒಂದು ಕಾಲಿಗೆ 9 ಇಂಚು, ಹಿಂಭಾಗಕ್ಕೆ ಮಾತ್ರ. ಬಾಟಮ್ ಮಡಿಕೆಯ ಒಳಮೈಗೆ ಇಟ್ಟು, ಲಾಡಿಯ ಕೆಳ ಅಂಚು ಪ್ಯಾಂಟಿನ ಅಂಚಿಗಿಂತ ಒಂದು ಮಿಲಿಮೀಟರ್ ಕೆಳಗೆ ಇಣುಕುವಂತೆ ಹೊಲಿದೆ. ಈ ಒಂದು ಮಿಲಿಮೀಟರ್‌ನಲ್ಲೇ ಎಲ್ಲ ಇದೆ. ಶೂ ಮೊದಲು ಲಾಡಿಗೆ ಉಜ್ಜಬೇಕು, ಬಟ್ಟೆಗೆ ಅಲ್ಲ. ಮೇಲೂ ಕೆಳಗೂ ಸಣ್ಣ ಕೈಹೊಲಿಗೆ, ಮಡಿಕೆಯ ಒಳಪದರವನ್ನು ಮಾತ್ರ ಹಿಡಿದು. ಮಡಿಕೆಗೆ ಎರಡೂವರೆ ಇಂಚು ಬಟ್ಟೆ ಉಳಿಸಿದೆ. ಅಂಚು ಹೋದರೆ ಮುಂದೆ ಇಳಿಸಿಕೊಳ್ಳಬಹುದು, ತೇಪೆಗೂ ಆಗುತ್ತದೆ.

ಹಂತ 7: ಜೇಬು

ರೆಡಿ ಸಿಗುವ ಜೇಬಿನ ಬಟ್ಟೆ ಗಂಜಿ ಹಾಕಿ ಗಟ್ಟಿ ಮಾಡಿದ್ದು, ಒಂದು ಒಗೆತಕ್ಕೆ ಮೆತ್ತಗಾಗುತ್ತದೆ. ಒತ್ತು ನೇಯ್ಗೆಯ ಹತ್ತಿ ಡ್ರಿಲ್ ಕೊಟ್ಟೆ. ಕೀ ಇಡುವ ಬಲ ಜೇಬಿನ ತಳಕ್ಕೆ ಇನ್ನೊಂದು ಪದರ. ಜೇಬಿನ ಬಾಯಿಯ ಎರಡು ತುದಿಗೂ ಕೈಯಲ್ಲಿ ಬಾರ್ ಟ್ಯಾಕ್ ಹಾಕಿದೆ. ಅಡ್ಡಕ್ಕೆ ನಾಲ್ಕು ಎಳೆ ಉದ್ದ ದಾರ, ಅದರ ಮೇಲೆ ಕಾಜಾ ಹೊಲಿಗೆಯ ಥರ ಒತ್ತೊತ್ತಾಗಿ ಸುತ್ತುವುದು. ಒಳಗೆ ಒಂದು ಚೂರು ರೂಬಿಯಾ ಇಟ್ಟರೆ ಬಟ್ಟೆ ಕಿತ್ತು ಬರುವುದಿಲ್ಲ. ಪರ್ಸು ಹಿಂದಿನ ಜೇಬಿನಿಂದ ಬ್ಯಾಗಿಗೆ ಹೋಯಿತು. ಬೈಕಿನ ಮೇಲೆ ಪರ್ಸಿನ ಮೂಲೆ ಹಿಂಭಾಗದ ಬಟ್ಟೆಯನ್ನು ಒಳಗಿನಿಂದ ತಿನ್ನುತ್ತದೆ.

ಖರ್ಚು

ರೂಬಿಯಾ ಒಂದು ಮೀಟರ್ 110 ರೂಪಾಯಿ, ಅದರಲ್ಲಿ ಮೂರೂ ಪ್ಯಾಂಟಿಗೆ ಆಗಿ ಇನ್ನೂ ಉಳಿದಿದೆ. ಸಾಂಟೂನ್ ಎರಡು ಮೀಟರ್ 140. ಡ್ರಿಲ್ ಅರ್ಧ ಮೀಟರ್ 70. ಲಾಡಿ 30. ದಾರ, ಸೂಜಿ 45. ಮಾಸ್ಟರ್ ಪ್ಯಾಂಟಿಗೆ 600 ರೂಪಾಯಿ ಹೊಲಿಗೆ ತಗೊಳ್ಳುತ್ತಾರೆ, ಒಳಬಟ್ಟೆ ಹಿಡಿಸಿದ್ದಕ್ಕೆ ಒಂದೊಂದಕ್ಕೆ 100 ಜಾಸ್ತಿ ಕೊಟ್ಟೆ. ಅವರು ಕೇಳಿರಲಿಲ್ಲ, ಆದರೆ ಅದು ನಾಜೂಕಿನ ಕೆಲಸ, ಕೊಡಬೇಕು. ಎಲ್ಲ ಸೇರಿ 595 ರೂಪಾಯಿ, ಹೊಲಿಗೆ ಕೂಲಿ ಬಿಟ್ಟು. ಒಂದು ಹೊಸ ಪ್ಯಾಂಟಿನ ಹೊಲಿಗೆಯಷ್ಟೂ ಆಗಲಿಲ್ಲ.

ಇಸ್ತ್ರಿ, ಒಗೆತ

ಎರಡು ಪ್ಯಾಂಟನ್ನು ದಿನ ಬಿಟ್ಟು ದಿನ ಹಾಕುತ್ತಾರೆ. ಹಾಕಿದ್ದನ್ನು ಬಾಟಮ್ ಹಿಡಿದು ತಲೆಕೆಳಗಾಗಿ ತೂಗುಹಾಕುತ್ತೇನೆ. ಮೊದಲು ಮೆತ್ತನೆ ಬ್ರಷ್‌ನಿಂದ ದೂಳು ಹೊಡೆಯಬೇಕು, ಶಿರಾ ಕಡೆ ಹೋಗಿ ಬಂದ ದಿನ ತಪ್ಪಿಸುವ ಹಾಗೇ ಇಲ್ಲ. ಡ್ರೈ ಕ್ಲೀನಿಂಗ್‌ಗೆ ಪದೇ ಪದೇ ಕೊಡುವುದಿಲ್ಲ, ಕಲೆ ಆದರೆ ಅಥವಾ ವಾಸನೆ ಬಂದರೆ ಮಾತ್ರ.

ಬೀದಿಯ ಇಸ್ತ್ರಿಯವರದು ಇದ್ದಿಲು ಪೆಟ್ಟಿಗೆ. ಅದರ ಬಿಸಿಗೆ ಲೆಕ್ಕ ಇಲ್ಲ, ಟೆರಿವುಲ್‌ಗೆ ಮಿಂಚು ಬರುತ್ತದೆ. ಪ್ಯಾಂಟಿನ ಜೊತೆ ಒಂದು ತೆಳು ಮಲ್ ಬಟ್ಟೆಯನ್ನೂ ಕೊಟ್ಟು, "ಅಣ್ಣ, ಇದನ್ನ ಒದ್ದೆ ಮಾಡಿ ಮೇಲೆ ಹಾಸಿ ಮಾಡಿ" ಅಂತ ಹೇಳಿದ್ದೇನೆ. ಈಗ ಅವರೇ ಕೇಳಿ ಇಸಿದುಕೊಳ್ಳುತ್ತಾರೆ. ಆಗಲೇ ಮಿಂಚಿದ್ದ ಕಪ್ಪು ಪ್ಯಾಂಟಿಗೆ ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ನೀರು ಬೆರೆಸಿ, ಬಟ್ಟೆ ಅದ್ದಿ ಒರೆಸಿ, ಒದ್ದೆ ಮಲ್ ಮೇಲಿಂದ ಆವಿ ಕೊಟ್ಟು ಬ್ರಷ್ ಮಾಡಿದೆ. ಕೂತು ಕೂತು ಬಂದ ಮಿಂಚು ಅರ್ಧ ಇಳಿಯಿತು. ಇಸ್ತ್ರಿ ಬಿಸಿಗೆ ಪಾಲಿಯೆಸ್ಟರ್ ಚಪ್ಪಟೆಯಾಗಿ ಬಂದ ಮಿಂಚು ಹೋಗಲಿಲ್ಲ. ಅದು ಹೋಗುವಂಥದ್ದಲ್ಲ.

ಈಗಿನ ಸ್ಥಿತಿ

ಮಳೆಗಾಲ ಕಳೆದು ಸಂಕ್ರಾಂತಿಯೂ ಆಯಿತು. ಮತ್ತೆ ಮೂರೂ ಪ್ಯಾಂಟನ್ನು ಕಿಟಕಿಗೆ ಹಿಡಿದು ನೋಡಿದೆ. ಬೂದು ಪ್ಯಾಂಟುಗಳ ತೊಡೆ ಸಂದಿಯಲ್ಲಿ ಬೆಳಕು ಎಲ್ಲೂ ಬರುತ್ತಿಲ್ಲ. ಒಳಗಿನ ರೂಬಿಯಾ ಬಲಗಾಲಲ್ಲಿ ತೆಳುವಾಗಿದೆ, ಅದನ್ನು ಯುಗಾದಿಯ ಹೊತ್ತಿಗೆ ಬದಲಿಸುತ್ತೇನೆ. ಲಾಡಿ ಒಂದು ಕಡೆ ನವಿರಾಗಿ ನಾರು ಬಿಟ್ಟಿದೆ, ಬಟ್ಟೆಯ ಅಂಚು ಹಾಗೇ ಇದೆ. ಕಪ್ಪು ಪ್ಯಾಂಟಿನ ಡಾರ್ನಿಂಗ್ ನಿಂತಿದೆ, ಆದರೆ ಡಾರ್ನಿಂಗಿನ ಸ್ವಲ್ಪ ಕೆಳಗೆ ಎಡಗಾಲಲ್ಲಿ ಹೊಸದಾಗಿ ಸವೆಯುತ್ತಿದೆ. ತೇಪೆ 1 ಇಂಚು ಜಾಸ್ತಿ ಬಿಟ್ಟದ್ದು ಸಾಲದು, ಬೈಕ್ ಓಡಿಸುವವರಿಗೆ 2 ಇಂಚು ಬೇಕು.

ಜೇಬಿನ ಬಾಯಿಯ ಅಂಚು ಮಾತ್ರ ಇನ್ನೂ ಸರಿಯಾಗಿಲ್ಲ. ಬೂದು ಪ್ಯಾಂಟಿನಲ್ಲೂ ಕೈ ಹೋಗಿ ಬರುವ ಕಡೆ ಸಣ್ಣಗೆ ನಾರು ಎದ್ದಿದೆ. ಒಳಗಿನಿಂದ ಏನು ಕೊಟ್ಟರೂ ಅಲ್ಲಿ ಉಜ್ಜುವುದು ಹೊರ ಅಂಚಿಗೇ. ಉಳಿದ ಬೂದು ಬಟ್ಟೆಯಲ್ಲಿ ಕಾಲಿಂಚಿನ ಕ್ರಾಸ್ ಪಟ್ಟಿ ಮಾಡಿ, ಪೈಪಿಂಗ್ ಥರ ಅಂಚಿಗೆ ಸುತ್ತಿ ಒಂದು ಜೇಬಿಗೆ ಕಚ್ಚಾ ಹೊಲಿಗೆ ಹಾಕಿಟ್ಟಿದ್ದೇನೆ. ಪಕ್ಕದ ಹೊಲಿಗೆ ಕೂಡುವ ತುದಿಯಲ್ಲಿ ದಪ್ಪವಾಗುತ್ತಿದೆ. ಆ ತುದಿಯನ್ನು ಹೇಗೆ ತೆಳುವಾಗಿ ಮುಗಿಸಬೇಕು ಅಂತ ಸೋಮವಾರ ಮಾಸ್ಟರ್ ಅಂಗಡಿಗೆ ತೆಗೆದುಕೊಂಡು ಹೋಗಿ ಕೇಳಬೇಕು.